ಕಡಲಿಲ್ಲದ ಊರಿನಲ್ಲಿ ನಾವಿಕರ ಜಾಡು

ಮೊದಲನೆಯ ದಿನ: ಮೈಸೂರು

ನಮ್ಮ ಅಕ್ಕನ ಯಜಮಾನರು ಮುಂಬಯಿ ಬಂದರಿನ ಆರೋಗ್ಯ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಹೊರದೇಶದ ಹಡಗೊಂದು ಹಳದಿ ಬಾವುಟ ಏರಿಸಿ, ನಮ್ಮಲ್ಲಿ ರೋಗವಿಲ್ಲ, ಒಳಕ್ಕೆ ಬಿಡಿ ಎಂದು ಕೇಳಿಕೊಂಡು ನಿಂತಾಗ ದೋಣಿಯಲ್ಲಿ ಹೋಗಿ ಅದನ್ನು ಹತ್ತುವುದು, ಅಡುಗೆಮನೆಯಿಂದ ಹಿಡಿದು ಕುಡಿಯುವ ನೀರಿನ ತೊಟ್ಟಿಯವರೆಗೆ ಇಣುಕಿ ನೋಡುವುದು, ನಾವಿಕರ ಲಸಿಕೆಯ ಪುಸ್ತಕಗಳನ್ನು ತಿರುವಿಹಾಕುವುದು ಅವರ ನಿತ್ಯದ ಕೆಲಸವಾಗಿತ್ತು. ದಸರೆಯ ಗದ್ದಲ ಮುಗಿದ ಮೇಲೆ ಮೈಸೂರಿಗೆ ಬಂದವರು ಎರಡೇ ದಿನಕ್ಕೆ ಬೇಸತ್ತು, "ಕಡಲಿಲ್ಲದ ಊರಿನಲ್ಲಿ ನನ್ನ ಕಣ್ಣಿಗೆ ಏನೂ ಕೆಲಸವಿಲ್ಲ ಕಣಯ್ಯಾ" ಎಂದರು. ಇತಿಹಾಸದ ಮೇಷ್ಟರಾಗಿ ಬಹಳ ಕಾಲ ಪಾಠ ಹೇಳಿದ ನನಗೆ ಆ ಮಾತು ಸ್ವಲ್ಪ ಚುಚ್ಚಿತು. ಮೂರನೆಯ ದಿನದ ರಾತ್ರಿ ಅವರು ಚೆನ್ನೈನ ಮಗಳ ಮನೆಗೆ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಡುವವರಿದ್ದರು. "ಅಲ್ಲಿಯವರೆಗೆ ನನ್ನ ಜೊತೆ ಓಡಾಡಿ ಭಾವ, ಆಮೇಲೆ ಹೇಳಿ" ಎಂದು ಒಪ್ಪಿಸಿದೆ.

ಬೆಳಿಗ್ಗೆ ಏಳಕ್ಕೆ ದೇವರಾಜ ಮಾರುಕಟ್ಟೆಯ ಮುಂದಿದ್ದೆವು. ಮಲ್ಲಿಗೆಯ ಮೊಗ್ಗನ್ನು ಮೊಳಹಾಕಿ ಅಳೆಯುತ್ತಿದ್ದವರನ್ನೂ ವೀಳ್ಯದೆಲೆಯ ಕವಳಿಗೆಗೆ ನೀರು ಚಿಮುಕಿಸುತ್ತಿದ್ದವರನ್ನೂ ದಾಟಿ ಸಯ್ಯಾಜಿರಾವ್ ರಸ್ತೆಗೆ ಬಂದಾಗ, ಇದು ಬರೋಡದ ಮೂರನೆಯ ಸಯಾಜಿರಾವ್ ಗಾಯಕವಾಡರ ಹೆಸರಿನ ರಸ್ತೆ ಎಂದೆ. ಭಾವ ನಡೆಯುತ್ತಿದ್ದವರು ನಿಂತುಬಿಟ್ಟರು. ಸಯಾಜಿರಾಯರಿಗಿಂತ ಹಿಂದೆ ಬರೋಡವನ್ನು ಆಳಿದ ಖಂಡೇರಾಯರು ಕೊಟ್ಟ ಎರಡು ಲಕ್ಷ ರೂಪಾಯಿಯ ಬಲದಿಂದ ಬಾಂಬೆಯ ನಾವಿಕರ ವಸತಿಗೃಹ ಎದ್ದಿತ್ತು. 1870ರಲ್ಲಿ ಅಸ್ತಿವಾರ ಹಾಕಿ 1876ರಲ್ಲಿ ಮುಗಿಸಿದ ಆ ಕಟ್ಟಡದಲ್ಲಿ ಈಗ ಮಹಾರಾಷ್ಟ್ರ ಪೊಲೀಸರ ಮುಖ್ಯ ಕಚೇರಿಯಿದೆ, ಮತ್ತು ಭಾವ ಅದರ ಮುಂದೆಯೇ ಬಸ್ಸಿನಲ್ಲಿ ಹೋಗಿಬಂದವರು. "ಆ ರಾಜರ ಮನೆತನ ಇಲ್ಲಿಯವರೆಗೂ ಬಂದಿದೆಯೇ?" ಎಂದು ರಸ್ತೆಯ ಎರಡೂ ಬದಿಯನ್ನು ಮತ್ತೊಮ್ಮೆ ನೋಡಿದರು.

ಆ ವಸತಿಗೃಹದ ಕಥೆಯನ್ನು ಅವರು ಹೋಟೆಲಿನಲ್ಲಿ ಇಡ್ಲಿಯ ಮುಂದೆ ಬಿಡಿಸಿ ಹೇಳಿದರು. ತಿಂಗಳುಗಟ್ಟಲೆ ನೀರಿನ ಮೇಲಿದ್ದು ಸಂಬಳದ ಗಂಟಿನೊಂದಿಗೆ ಇಳಿಯುವ ಬಿಳಿಯ ನಾವಿಕನನ್ನು ಹೆಂಡದಂಗಡಿಯವರು ಮತ್ತು ದಲ್ಲಾಳಿಗಳು ಧಕ್ಕೆಯಲ್ಲಿಯೇ ಮುತ್ತಿಕೊಳ್ಳುತ್ತಿದ್ದರು. ಅವನಿಗೊಂದು ಶುಚಿಯಾದ ಹಾಸಿಗೆ, ಊಟ ಮತ್ತು ಓದುವ ಕೋಣೆಯನ್ನು ಕೊಟ್ಟು ಅವರಿಂದ ತಪ್ಪಿಸುವುದು ಉದ್ದೇಶ. ಅದೇ ಹಡಗುಗಳಲ್ಲಿ ಕಲ್ಲಿದ್ದಲು ತುಂಬುತ್ತಿದ್ದ, ಡೆಕ್ಕು ತೊಳೆಯುತ್ತಿದ್ದ ನಮ್ಮ ಖಲಾಸಿಗಳಿಗಾಗಿ ಕಟ್ಟಿದ್ದಲ್ಲ ಅದು. ಅವರು ತಮ್ಮನ್ನು ನೇಮಕ ಮಾಡಿಸಿದ ಸರಂಗನೆಂಬ ಮೇಸ್ತ್ರಿಯ ಕೈಕೆಳಗೆ, ಅವನಿಗೆ ಬೇಕಾದ, ಸಾಲ ಕೊಡುವವನೊಬ್ಬನ ಮನೆಯಲ್ಲಿ ಬಿದ್ದಿರಬೇಕಾಗಿತ್ತು. ಗೋವೆಯವರು ಮಾತ್ರ ತಮ್ಮ ದಾರಿಯನ್ನು ತಾವೇ ಕಂಡುಕೊಂಡರು. ಊರಿಗೊಂದರಂತೆ ಚಂದಾ ಎತ್ತಿ ಧೋಬಿ ತಲಾವಿನ ಸುತ್ತ ಅವರು ನಡೆಸಿದ ಬಿಡಾರಗಳಿಗೆ ಕೂಡ್ ಎಂದು ಹೆಸರು. ಭಾವ ತಮ್ಮ ಕೆಲಸದ ಮೊದಲ ವರ್ಷಗಳಲ್ಲಿ ಅಂಥ ಒಂದಕ್ಕೆ ಹೋಗಿದ್ದರಂತೆ: ಉದ್ದನೆಯ ಹಜಾರ, ಒಂದು ತುದಿಯಲ್ಲಿ ದೀಪ ಉರಿಯುವ ಪುಟ್ಟ ಪೂಜಾಪೀಠ, ಗೋಡೆಯುದ್ದಕ್ಕೂ ಹೆಸರು ಬರೆದ ಕಬ್ಬಿಣದ ಟ್ರಂಕುಗಳು. ಮಂಚವಿಲ್ಲ, ಟ್ರಂಕಿನ ಮುಂದಿನ ಮೂರು ಮೊಳದ ನೆಲವೇ ಒಬ್ಬೊಬ್ಬನ ಮನೆ. "ಮಾಲೀಕ ಸಮುದ್ರದಲ್ಲಿದ್ದಾನೋ ಮುಂಬಯಿಯಲ್ಲಿದ್ದಾನೋ ಎಂಬುದನ್ನು ಟ್ರಂಕಿನ ಮೇಲಿನ ಧೂಳು ಹೇಳುತ್ತಿತ್ತು" ಎಂದರು. ಎರಡು ಲಕ್ಷ ರೂಪಾಯಿಯ ಕಟ್ಟಡಕ್ಕಿಂತ ಆ ಟ್ರಂಕುಗಳ ಸಾಲೇ ನನ್ನ ಮನಸ್ಸಿನಲ್ಲಿ ನಿಂತಿತು.

ಕೃಷ್ಣರಾಜೇಂದ್ರ ಆಸ್ಪತ್ರೆಯ ಆವರಣದಲ್ಲಿ ಸ್ವಲ್ಪ ಹೊತ್ತು ಕುಳಿತೆವು. ರೋಗಿಗಳ ಕಡೆಯವರು ಮರದ ನೆರಳಿನಲ್ಲಿ ಚಾಪೆ ಹಾಸಿಕೊಂಡು ಡಬ್ಬಿಯ ಮುಚ್ಚಳದಲ್ಲಿ ಮಕ್ಕಳಿಗೆ ಅನ್ನ ಕಲಸುತ್ತಿದ್ದರು. ಬಂದರಿನ ಆಸ್ಪತ್ರೆಗಳಲ್ಲಿ ನಾಚಿಕೆಗೇಡಿನ ಅಧ್ಯಾಯವೊಂದಿದೆ ಎಂದು ಭಾವ ದನಿ ತಗ್ಗಿಸಿದರು. ಸೈನಿಕರಿಗೂ ನಾವಿಕರಿಗೂ ಗುಹ್ಯರೋಗ ಹೆಚ್ಚಿದಾಗ ಸರ್ಕಾರ 1868ರಲ್ಲಿ ಒಂದು ಕಾಯಿದೆ ತಂದು, ಬಂದರು ನಗರಗಳ ವೇಶ್ಯೆಯರ ಹೆಸರು ಬರೆಸಿಕೊಂಡು ಕಡ್ಡಾಯವಾಗಿ ಪರೀಕ್ಷೆ ಮಾಡಿಸಿತು, ರೋಗ ಕಂಡರೆ ಬೀಗ ಹಾಕಿದ ಆಸ್ಪತ್ರೆಯಲ್ಲಿಟ್ಟಿತು. ರೋಗವನ್ನು ಹೊತ್ತು ಊರಿಂದೂರಿಗೆ ಹೋಗುವ ಗಂಡಸನ್ನು ಆ ಕಾಯಿದೆ ಮುಟ್ಟಲಿಲ್ಲ. 1888ರಲ್ಲಿ ಅದು ರದ್ದಾಯಿತು. ಯಾವ ದೇಶದ ನಾವಿಕನಾದರೂ ಯಾವ ಬಂದರಿನಲ್ಲಾದರೂ ಬಿಟ್ಟಿಯಾಗಿ ಈ ರೋಗಕ್ಕೆ ಚಿಕಿತ್ಸೆ ಪಡೆಯಬಹುದು ಎಂದು ದೇಶದೇಶಗಳು ಬ್ರಸೆಲ್ಸಿನಲ್ಲಿ ಒಪ್ಪಿಕೊಳ್ಳುವುದಕ್ಕೆ 1924 ಬರಬೇಕಾಯಿತು.

ಮಧ್ಯಾಹ್ನ ಲಕ್ಷ್ಮೀಪುರಂ ಮತ್ತು ಕೃಷ್ಣಮೂರ್ತಿಪುರಂಗಳ ಬೀದಿಗಳಲ್ಲಿ ನಡೆದೆವು. ಬಂದರಿಗೂ ಮೈಸೂರಿಗೂ ಇರುವ ನಂಟನ್ನು ನಾನು ತೋರಿಸಬೇಕೆಂದಿದ್ದುದು ಇಲ್ಲಿಯೇ. 1896ರ ಸೆಪ್ಟೆಂಬರಿನಲ್ಲಿ ಬಾಂಬೆಯ ಧಕ್ಕೆಗಳ ಪಕ್ಕದ ಮಾಂಡವಿಯಲ್ಲಿ ಡಾಕ್ಟರ್ ವಿಯೆಗಾಸರು ಪ್ಲೇಗನ್ನು ಗುರುತಿಸಿದರು. ರೈಲಿನ ಜಾಡು ಹಿಡಿದು ಅದು 1898ರ ಆಗಸ್ಟಿಗೆ ಬೆಂಗಳೂರನ್ನು ಮುಟ್ಟಿತು, ಮೈಸೂರನ್ನೂ ಬಿಡಲಿಲ್ಲ. ನಮ್ಮ ಅಜ್ಜಿ ಪ್ಲೇಗಿನ ಮಾತು ಬಂದಾಗಲೆಲ್ಲ "ಇಲಿ ಬಿದ್ದವು" ಎಂದೇ ಶುರು ಮಾಡುತ್ತಿದ್ದರು. ಇಲಿ ಬಿದ್ದ ಮನೆಗೆ ಬೀಗ ಹಾಕಿ, ಹೊಲದಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು, ಊರಿಗೆ ಊರೇ ಬಯಲಿನಲ್ಲಿ ಇರುತ್ತಿತ್ತಂತೆ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆ ಎಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿ ಬಂದರಿನಲ್ಲಿ ತೋರಿಸಿದ್ದು ಅದೇ 1898ರಲ್ಲಿ, ಆದರೆ ಲೋಕ ಅದನ್ನು ಒಪ್ಪುವುದಕ್ಕೆ ಮತ್ತೂ ಕೆಲವು ವರ್ಷ ಹಿಡಿಯಿತು. ಇಲಿ ಬಿದ್ದರೆ ಮನೆ ಬಿಡಬೇಕು ಎಂಬಷ್ಟು ನಮ್ಮ ಹಳ್ಳಿಯವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಇಕ್ಕಟ್ಟಿನ ಕೇರಿಗಳನ್ನು ಒಡೆದು, ಗಾಳಿ ಬೆಳಕಿರುವ ಬಡಾವಣೆಗಳನ್ನು ಕಟ್ಟುವುದಕ್ಕೆಂದೇ ಬಾಂಬೆ 1898ರಲ್ಲಿ ಒಂದು ನಗರಾಭಿವೃದ್ಧಿ ಟ್ರಸ್ಟನ್ನು ಮಾಡಿಕೊಂಡಿತ್ತು. ಮೈಸೂರು 1903ರಲ್ಲಿ ತನ್ನದನ್ನು ಮಾಡಿಕೊಂಡಿತು. ಮನೆಗಳ ಬೆನ್ನಿಗೆ ಓಡುವ, ಹಿಂದೆ ಕಕ್ಕಸಿನ ಮಲವನ್ನು ಸಾಗಿಸುತ್ತಿದ್ದ ಕನ್ಸರ್ವೆನ್ಸಿ ಗಲ್ಲಿಯೊಂದಕ್ಕೆ ಭಾವನನ್ನು ಕರೆದುಕೊಂಡು ಹೋದೆ. ಒಂದು ಗಾಡಿ ಹಿಡಿಸುವಷ್ಟೇ ಅಗಲ. ಗೋಡೆಯ ಬುಡದಲ್ಲಿ ಹಳೆಯ ಕಕ್ಕಸಿನ ಚಿಕ್ಕ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿದ ಗುರುತು, ಅದರ ಮೇಲೆ ಯಾರೋ ಒಣಹಾಕಿದ ಮಗುವಿನ ಬಟ್ಟೆ. ಬೀದಿಯ ಶುಚಿಯನ್ನು ಹೊಗಳುವಾಗ ಆ ಬಾಗಿಲಿಗೆ ದಿನವೂ ಬಗ್ಗುತ್ತಿದ್ದವರನ್ನು ನಾವು ನೆನೆಯುವುದಿಲ್ಲ. ಭಾವ ಮಾತ್ರ ಗೋಡೆಯಿಂದ ಗೋಡೆಗೆ ಕಟ್ಟಿದ ಬಟ್ಟೆಯ ಹಗ್ಗವನ್ನು ನೋಡುತ್ತಿದ್ದರು. ಹಡಗನ್ನು ಧಕ್ಕೆಗೆ ಕಟ್ಟುವ ಒಂದೊಂದು ಹಗ್ಗಕ್ಕೂ ಮೊರದಗಲದ ತಗಡಿನ ತಟ್ಟೆಯನ್ನು ಸಿಕ್ಕಿಸುತ್ತಾರೆ, ಹಗ್ಗದ ಮೇಲೆ ನಡೆದು ಬರುವ ಇಲಿ ಅಲ್ಲಿಗೆ ಬಂದು ಹಿಂತಿರುಗಬೇಕು ಎಂದು ವಿವರಿಸಿ, "ಆ ತಟ್ಟೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಿಯೇ ನನ್ನ ಅರ್ಧ ಆಯುಷ್ಯ ಕಳೆಯಿತು" ಎಂದು ನಕ್ಕರು.

ಸಂಜೆ ಕನ್ನಂಬಾಡಿ ರಸ್ತೆಯಲ್ಲಿ ಕ್ಷಯರೋಗಿಗಳಿಗಾಗಿ 1921ರಲ್ಲಿ ತೆರೆದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಮ್ಮಿನ ಮುಂದೆ ಆಟೋದಲ್ಲಿ ಹಾದುಹೋದೆವು, ಇಳಿಯಲಿಲ್ಲ. ಭಾವನ ಕಾಲು ಸೋತಿತ್ತು.

ಎರಡನೆಯ ದಿನ: ಶ್ರೀರಂಗಪಟ್ಟಣ

ನಾವಿಕರ ಕಥೆ ನಿಜವಾಗಿ ಇರುವುದು ಶ್ರೀರಂಗಪಟ್ಟಣದಲ್ಲಿ, ಆದರೆ ಅಲ್ಲಿ ಅದನ್ನು ಹೇಳುವ ಒಂದು ಫಲಕವೂ ನಮಗೆ ಸಿಗಲಿಲ್ಲ. ನಗರ ಬಸ್ಸಿನಲ್ಲಿ ಇಳಿದು, ಕೋಟೆಯೊಳಗೆ ಹಾದುಹೋಗುವ ರೈಲು ಹಳಿಯನ್ನು ದಾಟಿ, ಬೇಯ್ಲಿಯ ಸೆರೆಮನೆಗೆ ಹೋದೆವು. ಸುಣ್ಣ ಬಳಿದ ಕಮಾನುಗಳ ಆ ನೆಲಮಾಳಿಗೆಗೆ ಮೆಟ್ಟಿಲಿಳಿದೇ ಹೋಗಬೇಕು. ಗೋಡೆಯಿಂದ ಚಾಚಿಕೊಂಡಿರುವ ಕಲ್ಲುಗಳಲ್ಲಿ ಕೈದಿಯ ಕೈಕಟ್ಟಲೆಂದು ಕೊರೆದ ತೂತುಗಳಿವೆ. ಭಾವ ತಮ್ಮ ತೋರುಬೆರಳನ್ನು ಒಂದು ತೂತಿಗೆ ತೂರಿಸಿ, ಅಂಚು ಸವೆದು ನುಣುಪಾಗಿರುವುದನ್ನು ಮುಟ್ಟಿ ನೋಡಿದರು. ಫಲಕದಲ್ಲಿ ಕರ್ನಲ್ಲರ ಮತ್ತು ಕ್ಯಾಪ್ಟನ್ನರ ಹೆಸರುಗಳಿವೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರಿನವರಿಗೆ ಸೆರೆಸಿಕ್ಕ ಇಂಗ್ಲಿಷರ ಕರ್ನಲ್ ಬೇಯ್ಲಿ ಎರಡು ವರ್ಷದ ಮೇಲೆ ಈ ಊರಿನಲ್ಲಿಯೇ ಸತ್ತ.

ನಾನು ಹೇಳಲು ಹೊರಟಿದ್ದು ಜೇಮ್ಸ್ ಸ್ಕರಿ ಎಂಬ ಹುಡುಗನ ಸಂಗತಿ. 1782ರ ಜನವರಿಯಲ್ಲಿ ಹ್ಯಾನಿಬಲ್ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು ಫ್ರೆಂಚರು ಹಿಡಿದಾಗ ಅವನು ಅದರಲ್ಲಿದ್ದ. ಹಿಡಿದ ನೂರಾರು ನಾವಿಕರನ್ನು ಸಾಕಲಾರದ ಫ್ರೆಂಚ್ ನೌಕಾಪತಿ ಸುಫ್ರೆನ್ ಅದೇ ವರ್ಷ ಕಡಲೂರಿನಲ್ಲಿ ಅವರನ್ನು ಹೈದರಾಲಿಯ ಕೈಗೆ ಒಪ್ಪಿಸಿಬಿಟ್ಟ. ಅಲ್ಲಿಂದ ಬೆಂಗಳೂರು, ಬೆಂಗಳೂರಿನಲ್ಲಿ ಎಳೆಯ ಹುಡುಗರನ್ನು ಆರಿಸಿ ಶ್ರೀರಂಗಪಟ್ಟಣಕ್ಕೆ ತಂದು, ಮತಾಂತರಿಸಿ, ಕಿವಿಗೆ ಬಳೆ ಹಾಕಿ, ಇಂಥ ಸೆರೆಯಾಳುಗಳಿಂದಲೇ ಕಟ್ಟಿದ ಚೇಲಾ ಎಂಬ ಪಡೆಗಳಲ್ಲಿ ಸೇರಿಸಿದರು. 1784ರ ಮಂಗಳೂರು ಒಪ್ಪಂದದ ಪ್ರಕಾರ ಸೆರೆಯಾಳುಗಳು ಬಿಡುಗಡೆಯಾದರೂ ಸ್ಕರಿಯಂಥವರು ಇಲ್ಲಿಯೇ ಉಳಿದರು. ಹತ್ತು ವರ್ಷದ ಮೇಲೆ ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಅವನಿಗೆ ಕುರ್ಚಿಯ ಮೇಲೆ ಕೂರುವುದು ಮರೆತುಹೋಗಿತ್ತು, ಚಾಕು ಮುಳ್ಳುಚಮಚ ಹಿಡಿಯಲು ಬರುತ್ತಿರಲಿಲ್ಲ, ತಾಯ್ನುಡಿಯೇ ತೊದಲುತ್ತಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ; ಅವನು ತೀರಿಕೊಂಡ ಮೇಲೆ, 1824ರಲ್ಲಿ, ಅದು ಅಚ್ಚಾಯಿತು.

ಭಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಮಾಲೀಕ ಕೈಬಿಟ್ಟ ಹಡಗುಗಳಲ್ಲಿ ತಿಂಗಳುಗಟ್ಟಲೆ ಸಿಕ್ಕಿಬೀಳುವ ನಾವಿಕರನ್ನು ತಾವೂ ನೋಡಿದ್ದನ್ನು ಹೇಳಿದರು. ನಾವಿಕನಿಗೆ ದಡದಲ್ಲಿ ವೈದ್ಯ ಸಿಗಬೇಕು, ಕೈಬಿಟ್ಟರೆ ಮಾಲೀಕನ ಖರ್ಚಿನಲ್ಲಿ ಅವನನ್ನು ಊರಿಗೆ ಮುಟ್ಟಿಸಬೇಕು ಎಂಬುದನ್ನು ಹಕ್ಕೆಂದು ಬರೆದ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 2006ರಲ್ಲಿ. ಭಾರತ ಅದಕ್ಕೆ ಸೇರಿದ್ದು 2015ರಲ್ಲಿ. "ನಿನ್ನ ಹುಡುಗನಿಗೂ ಅದಕ್ಕೂ ಇನ್ನೂರು ವರ್ಷಕ್ಕಿಂತ ಹೆಚ್ಚಾಯಿತಲ್ಲ" ಎಂದು ಲೆಕ್ಕ ಹಾಕಿದರು. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ. ಆ ಕಾಲದ ಮೈಸೂರು ಕಡಲಿಲ್ಲದ ನಾಡಾಗಿರಲಿಲ್ಲ: ಮಂಗಳೂರು ಅದರ ಬಂದರಾಗಿತ್ತು, ಟಿಪ್ಪು ನೌಕಾಬಲವನ್ನು ಕಟ್ಟಲು ಮೀರ್ ಯಮ್ ಎಂಬ ಅಧಿಕಾರಿಗಳನ್ನು ನೇಮಿಸಿದ್ದ. 1799ರಲ್ಲಿ ಕರಾವಳಿ ಕಂಪನಿಯ ಪಾಲಾಯಿತು. ಭಟ್ಕಳದಲ್ಲಿ ಮೈಸೂರಿಗೊಂದು ಬಂದರಾಗಬೇಕೆಂದು ವಿಶ್ವೇಶ್ವರಯ್ಯನವರು ಕಂಡ ಕನಸು ಕನಸಾಗಿಯೇ ಉಳಿಯಿತು.

ಸೆರೆಮನೆಯಿಂದ ಹೊಳೆಯ ಕಡೆಗೆ ಇಳಿಯುವಾಗ ಭಾವ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಮಂಡಿ ತರೆಸಿಕೊಂಡರು. ಗಾಯ ದೊಡ್ಡದಲ್ಲದಿದ್ದರೂ ಸಕ್ಕರೆ ಕಾಯಿಲೆಯವರೆಂದು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದ ಸಿಸ್ಟರ್, "ಏನ್ ಕೆಲ್ಸ ಮಾಡ್ತಿದ್ರಿ ಅಜ್ಜ?" ಎಂದು ಕೇಳಿದರು. "ಹಡಗಿನವರ ಆರೋಗ್ಯ ನೋಡಿಕೊಳ್ಳೋ ಕೆಲಸ ತಾಯಿ" ಎಂದರು ಭಾವ. "ಹಡಗಾ? ಕನ್ನಂಬಾಡಿ ಕಟ್ಟೇಲಾ?" ಎಂದು ಆಕೆ ನಗದೆ ಕೇಳಿ, ಚುಚ್ಚುಮದ್ದು ಕೊಟ್ಟು, ಮೂರು ದಿನ ನೀರು ಸೋಕಿಸಬೇಡಿ ಎಂದು ಕಳಿಸಿದರು. ಚೀಟಿಯ ದುಡ್ಡು ಬಿಟ್ಟರೆ ಬೇರೇನೂ ಖರ್ಚಾಗಲಿಲ್ಲ.

ಕುಂಟುತ್ತಲೇ ಗಂಜಾಂಗೆ ಬಂದರು, ಏಕೆಂದರೆ ಅಬ್ಬೆ ದುಬಾಯ್ ಅವರ ಇಗರ್ಜಿಯನ್ನು ನೋಡದೆ ಹೋಗುವುದಿಲ್ಲ ಎಂಬ ಹಟ. ಸುತ್ತಲಿನ ಜನ ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದ ಈ ಫ್ರೆಂಚ್ ಪಾದ್ರಿ ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸಕ್ಕೆ ಇಳಿದು, 1803 ಮತ್ತು 1804ರಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಿಸಿದರು. ದಾಕಿನ ಕೀವು ಬಂದದ್ದೂ ಬಂದರಿನಿಂದಲೇ. ವಿಯೆನ್ನಾದಿಂದ ಇಸ್ತಾಂಬುಲ್, ಬಾಗ್ದಾದ್, ಬಸ್ರಾಗಳನ್ನು ದಾಟಿ, ಅಲ್ಲಿಂದ ಹಡಗಿನಲ್ಲಿ ಬಾಂಬೆ ಸೇರಿದ ಅದನ್ನು 1802ರ ಜೂನ್ 14ರಂದು ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿಗೆ ಮೊದಲು ಹಾಕಿದರು. ಒಂದು ತೋಳಿನ ಬೊಕ್ಕೆಯಿಂದ ಇನ್ನೊಂದು ತೋಳಿಗೆ ದಾಟಿಸುತ್ತ ಅದು ದೇಶದ ಒಳಕ್ಕೆ ಸಾಗಿತು. ಮೈಸೂರಿನ ರಾಣಿಯರನ್ನು ಆ ಕಾಲದಲ್ಲಿಯೇ ಬರೆದ ಚಿತ್ರವೊಂದರಲ್ಲಿ ಎಳೆಯ ರಾಣಿ ದೇವಾಜಮ್ಮಣ್ಣಿಯವರು ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವುದು ದಾಕಿನ ಪ್ರಚಾರಕ್ಕಾಗಿ ಎಂದು ಇತಿಹಾಸಕಾರರು ಓದಿದ್ದಾರೆ. ನಿನ್ನೆ ಪ್ಲೇಗು ಬಂದ ದಾರಿಯನ್ನು ನಾನು ಹೇಳಿದ್ದೆ, ಇವತ್ತು ಮದ್ದು ಬಂದ ದಾರಿಯನ್ನು ಹೇಳಿದೆ. ಎರಡರ ಬಾಗಿಲೂ ಒಂದೇ ಎಂದು ಭಾವನೇ ಹೇಳಿದರು.

ಕೊನೆಗೆ ಹೆದ್ದಾರಿಯ ಪಕ್ಕದ ಗ್ಯಾರಿಸನ್ ಸ್ಮಶಾನ. ಬಾಗಿಲಿಗೆ ಬೀಗವಿತ್ತು, ಕೀಲಿಕೈಯವರು ಊಟಕ್ಕೆ ಹೋಗಿದ್ದಾರೆಂದು ಗೊತ್ತಾಗಿ, ಎಳನೀರು ಕುಡಿಯುತ್ತ ಒಂದು ಗಂಟೆ ಕಾದೆವು. ಒಳಗೆ ಸುಮಾರು ಮುನ್ನೂರು ಗೋರಿಗಳು. ಸಿಂಹಳದ ಡಚ್ಚರ ಸೇವೆಯಲ್ಲಿದ್ದು 1795ರಲ್ಲಿ ಇಂಗ್ಲಿಷರ ಕಡೆಗೆ ಬಂದ ಸ್ವಿಸ್ ರೆಜಿಮೆಂಟಾದ ಡಿ ಮ್ಯೂರಾನ್ ಪಡೆಯವರೂ ಅವರ ಹೆಂಡಿರು ಮಕ್ಕಳೂ ಇಲ್ಲಿ ಮಲಗಿದ್ದಾರೆ. ಗೋರಿಗಳ ಮೇಲೆ ಎಳೆಯ ಮಕ್ಕಳ ವಯಸ್ಸನ್ನು ತಿಂಗಳುಗಳಲ್ಲಿ ಬರೆದದ್ದು ಕಾಣುತ್ತದೆ. ಕೋಟೆಯನ್ನು ಫಿರಂಗಿಯಿಂದ ಗೆದ್ದವರನ್ನು ದ್ವೀಪದ ಚಳಿಜ್ವರ ಗೆದ್ದಿತು. 1809ರಲ್ಲಿ ದಂಡು ಬೆಂಗಳೂರಿಗೆ ಎದ್ದುಹೋಯಿತು. ಬೆಂಗಳೂರಿನವರು ತಮ್ಮ ಕಂಟೋನ್ಮೆಂಟಿಗಾಗಿ ಶ್ರೀರಂಗಪಟ್ಟಣದ ಸೊಳ್ಳೆಗಳಿಗೆ ಋಣಿಗಳಾಗಿರಬೇಕು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಹುಡುಗರು ನಗುತ್ತಿದ್ದರು.

ದಂಡು ಹೋದ ಮೇಲೂ ಫಿರಂಗಿ ಗಾಡಿಗಳ ಕಾರ್ಖಾನೆ ಇಲ್ಲಿಯೇ ಉಳಿದಿತ್ತು. ಹೊಳೆದಂಡೆಯ ಬಂಗಲೆಯಲ್ಲಿದ್ದ ಕರ್ನಲ್ ಸ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ ನೋಡಿಕೊಳ್ಳುತ್ತಿದ್ದುದು ಅದನ್ನೇ. 1830ರ ಸುಮಾರಿಗೆ ಅದನ್ನು ಮದರಾಸಿಗೆ ಒಯ್ದಾಗ ಇಳಿಸಿದ್ದು ಎಲ್ಲಿ ಎಂದರೆ, ನೌಕಾದಳದ ನಾವಿಕರಿಗಾಗಿ ಅಲ್ಲಿ ಕಟ್ಟಿದ್ದ ಆಸ್ಪತ್ರೆಯ ಕಟ್ಟಡದಲ್ಲಿ. ಜ್ವರ, ಅತಿಸಾರ, ಒಸಡು ಕೊಳೆಯುವ ಸ್ಕರ್ವಿಗಳಿಂದ ನರಳುತ್ತ ಹಡಗಿನಿಂದ ಇಳಿದವರ ಮಂಚಗಳಿದ್ದ ಕೋಣೆಗಳಲ್ಲಿ ಬಡಗಿಗಳು ತೋಪಿನ ಗಾಲಿಗಳಿಗೆ ಅರ ಕೂರಿಸಿದರು. ಆಸ್ಪತ್ರೆ ಹೋಯಿತು, ಕಾರ್ಖಾನೆಯೂ ಹೋಯಿತು. ಬೀದಿಗೆ ಮಾತ್ರ ಇಂದಿಗೂ ನೇವಲ್ ಹಾಸ್ಪಿಟಲ್ ರೋಡ್ ಎಂದೇ ಹೆಸರು, ಚೆನ್ನೈ ಸೆಂಟ್ರಲ್ ನಿಲ್ದಾಣಕ್ಕೆ ಹತ್ತಿರದಲ್ಲಿ. ಭಾವ ಜೇಬಿನಿಂದ ಪುಸ್ತಕ ತೆಗೆದು ಆ ಹೆಸರನ್ನು ಬರೆದುಕೊಂಡರು.

ಮೂರನೆಯ ದಿನ: ಮಂಡ್ಯ

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಪಾಂಡವಪುರ ದಾಟಿದ ಮೇಲೆ ಎರಡೂ ಬದಿಗೆ ಕಬ್ಬು, ಭತ್ತ, ನಡುವೆ ಹೊಗೆಯಾಡುವ ಆಲೆಮನೆ. ಮಂಡ್ಯದಲ್ಲಿ ಇಳಿದು ಆಟೋ ಹಿಡಿದು ವಿಶ್ವೇಶ್ವರಯ್ಯ ನಾಲೆಯ ಏರಿಗೆ ಹೋದೆವು. ಹಳಬರು ಇದನ್ನು ಇರ್ವಿನ್ ನಾಲೆ ಎನ್ನುತ್ತಿದ್ದರು. 1930ರ ದಶಕದ ಆರಂಭದಲ್ಲಿ ನೀರು ಹರಿದು, 1933ರಲ್ಲಿ ಸಕ್ಕರೆ ಕಂಪನಿ ಬಂದು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ನೀರಿನ ಜೊತೆಗೆ ಚಳಿಜ್ವರದ ಭಯವೂ ಇತ್ತು, ಏಕೆಂದರೆ ನಾಲೆಯ ಸೋರುನೀರು ನಿಂತ ಕಡೆ ಹಳ್ಳಿಗಾಡಿನ ಮಲೇರಿಯಾ ಸೊಳ್ಳೆ ಮರಿ ಮಾಡುತ್ತದೆ. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಾಗೇನಹಳ್ಳಿ ಮೊದಲಾದ ಕಡೆ ಮಲೇರಿಯಾ ಅಧ್ಯಯನಕ್ಕೆ ಕೇಂದ್ರಗಳನ್ನೂ, 1930ರ ಹೊತ್ತಿಗೆ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನೂ ತೆರೆದಿತ್ತು. ಹೆರಿಗೆ, ದಾಕು, ಕುಡಿಯುವ ನೀರು, ಕಕ್ಕಸು ಎಲ್ಲವನ್ನೂ ಒಂದೇ ಕಚೇರಿಯವರು ಹಳ್ಳಿ ಹಳ್ಳಿ ತಿರುಗಿ ನೋಡಿಕೊಳ್ಳುವ ಏರ್ಪಾಡು ಅದು.

ಸೊಳ್ಳೆಯ ಮಾತು ಬಂದದ್ದೇ ತಡ, ಭಾವ ನನಗೆ ಗುರುವಾದರು. ಬಾಂಬೆಯಲ್ಲಿ ಧಕ್ಕೆಗಳ ಸುತ್ತ ಮಲೇರಿಯಾ ಹೆಚ್ಚಿದಾಗ ಬೆಂಟ್ಲಿ ಎಂಬ ವೈದ್ಯರು ಸಮೀಕ್ಷೆ ಮಾಡಿ 1911ರಲ್ಲಿ ವರದಿ ಕೊಟ್ಟರು. ತಪ್ಪಿತಸ್ಥ ಸೊಳ್ಳೆ ಮನೆಗಳ ಬಾವಿ ಮತ್ತು ನೀರಿನ ತೊಟ್ಟಿಗಳಲ್ಲಿ ಹುಟ್ಟುವ ಸ್ಟೆಫೆನ್ಸಿ. ಅದಕ್ಕೆ ಹಡಗಿನ ತೊಟ್ಟಿಯೂ ಒಂದೇ, ಚಾಳಿನ ತೊಟ್ಟಿಯೂ ಒಂದೇ. ಮೈಸೂರು ಸೀಮೆಯಲ್ಲಿ ಅದೇ ಸೊಳ್ಳೆಯ ಹಳ್ಳಿಯ ತಳಿಯೊಂದು ಸಿಕ್ಕಿತು. ಅದರ ಮೊಟ್ಟೆಯ ಅಂಚಿನ ಏಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಬಂದರಿನದಕ್ಕಿಂತ ಇದು ಬೇರೆ ಎಂದು ಸ್ವೀಟ್ ಮತ್ತು ರಾವ್ 1937ರಲ್ಲಿ ತೋರಿಸಿಕೊಟ್ಟು ಮೈಸೊರೆನ್ಸಿಸ್ ಎಂದು ಹೆಸರಿಟ್ಟರು. ಬಂದರಿನ ಸೋದರನಷ್ಟು ಇದು ಜ್ವರ ಹರಡುವುದಿಲ್ಲ. "ನಿಮ್ಮೂರಿನ ಸೊಳ್ಳೆಯೂ ನಿಮ್ಮ ಹಾಗೆಯೇ ನಿಧಾನಸ್ಥ" ಎಂದು ಭಾವ ಛೇಡಿಸಿದರು. ಏರಿಯ ಮೇಲೆ ಅರ್ಧ ಒಡೆದ ತೆಂಗಿನ ಚಿಪ್ಪೊಂದರಲ್ಲಿ ಮಳೆಯ ನೀರು ನಿಂತಿತ್ತು. ಕನ್ನಡಕ ಮೇಲೇರಿಸಿ ಬಗ್ಗಿ ನೋಡಿ, ಹುಳಗಳಿಲ್ಲವೆಂದು ಖಾತ್ರಿ ಮಾಡಿಕೊಂಡರೂ, ಕೋಲಿನಿಂದ ಅದನ್ನು ಮಗುಚಿಯೇ ಮುಂದೆ ಹೋದರು.

ಮಧ್ಯಾಹ್ನ ಮುದ್ದೆ, ಉಪ್ಸಾರು. ಸಂಜೆ ನೆಂಟರ ಮನೆಯಲ್ಲಿ ವಿಶ್ರಾಂತಿ. ರಾತ್ರಿ ರೈಲು ಸ್ವಲ್ಪ ತಡವಾಗಿ ಬಂತು. ಮಂಡಿಯ ಪಟ್ಟಿ ಸಡಿಲವಾಗಿದ್ದುದರಿಂದ ಅವರನ್ನು ಹತ್ತಿಸಲು ಇಬ್ಬರು ಹುಡುಗರು ಕೈಕೊಟ್ಟರು.

ಮಾರನೆಯ ದಿನ ಹತ್ತು ಗಂಟೆಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ಮಗಳ ಮನೆಗೆ ಹೋಗುವ ಮೊದಲೇ, ಸಾಮಾನಿನ ಸಮೇತ, ಭಾವ ಆಟೋದಲ್ಲಿ ಆ ರಸ್ತೆಗೆ ಹೋಗಿ ಇಳಿದಿದ್ದರು. ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಹೆಸರು ಬರೆದ ಬೀದಿಯ ಫಲಕ, ಅದರ ಮುಂದೆ ಅಡ್ಡಡ್ಡ ನಿಲ್ಲಿಸಿದ ಸ್ಕೂಟರುಗಳು, ಫಲಕದ ಕಂಬಕ್ಕೆ ಒರಗಿಸಿದ ಅವರ ಹಳೆಯ ಸೂಟ್‌ಕೇಸು.